ಮೊದಲ ಸಲ ಟ್ರ್ಯಾಕ್ ಡೇಗೆ ಹೊರಟವರಿಗೆ: ಗಾಡಿ ತಯಾರಿಯಿಂದ ಮನೆ ಸೇರುವವರೆಗೆ

ನಂದಿ ಬೆಟ್ಟದ ರಸ್ತೆ, ದೇವರಾಯನದುರ್ಗದ ತಿರುವುಗಳು, ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿ. ಚಿಕ್ಕಬಳ್ಳಾಪುರ, ತುಮಕೂರು, ಕೋಲಾರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಬೈಕು, ಕಾರಿನ ಹುಚ್ಚು ಇರುವವರು ಭಾನುವಾರ ಬೆಳಗ್ಗೆ ಸಿಗುವುದು ಇಲ್ಲೇ. ಅದೇ ಹೊತ್ತಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗುವ ಟಿವಿಎಸ್ ಎಕ್ಸೆಲ್ ಕೂಡ ಅದೇ ರಸ್ತೆಯಲ್ಲಿ ಇರುತ್ತದೆ. ಟೊಮೇಟೊ ಕ್ರೇಟ್ ತುಂಬಿದ ಗೂಡ್ಸ್ ಗಾಡಿ ಇರುತ್ತದೆ. ಅವರು ಯಾರೂ ನಿಮ್ಮ ಆಟಕ್ಕೆ ಒಪ್ಪಿ ಬಂದವರಲ್ಲ. ಅನುಮತಿ ಇಲ್ಲದೆ ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 1 ವರ್ಷ, 10,000 ರೂಪಾಯಿವರೆಗೆ ಹೋಗುತ್ತದೆ.

ಹಾಗಾಗಿ ಟ್ರ್ಯಾಕ್ ಡೇಗೆ, ಅಂದರೆ ರೇಸ್ ಟ್ರ್ಯಾಕ್‌ನಲ್ಲಿ ದುಡ್ಡು ಕಟ್ಟಿ ನಮ್ಮದೇ ಗಾಡಿ ಓಡಿಸುವ ದಿನಕ್ಕೆ, ಹೋಗುತ್ತೇನೆ ಎಂದು ಯಾರಾದರೂ ಹೇಳಿದರೆ ನನಗೆ ನಿಜವಾಗಿ ಖುಷಿಯಾಗುತ್ತದೆ. ಅದರ ಬೆನ್ನಿಗೇ ಒಂದು ಮಾತು ಬಂದೇ ಬರುತ್ತದೆ: "ಅಣ್ಣಾ, ಅಲ್ಲಿ ಎದುರಿಂದ ಗಾಡಿ ಬರಲ್ಲ, ನಾಯಿ ಅಡ್ಡ ಬರಲ್ಲ. ಇನ್ನೇನು ಭಯ?" ಭಯ ಬೇಡ, ಆದರೆ ಎಚ್ಚರ ಬೇಕು. ಟ್ರ್ಯಾಕ್‌ನಲ್ಲಿ ಎದುರಿನ ಗಾಡಿ ಇಲ್ಲ, ನಿಜ. ಹಿಂದಿನ ಗಾಡಿ ಇದೆ. ಅದು ನಿಮಗಿಂತ ಗಂಟೆಗೆ 40-50 ಕಿ.ಮೀ. ಜಾಸ್ತಿ ವೇಗದಲ್ಲಿ ಬರುತ್ತಿರಬಹುದು. ನೀವು ಮುಂದೆ ಏನು ಮಾಡುತ್ತೀರಿ ಎಂಬುದು ಆ ಸವಾರನಿಗೆ ಮೊದಲೇ ಗೊತ್ತಾಗಬೇಕು. ಟ್ರ್ಯಾಕ್‌ನ ನಿಯಮಗಳೆಲ್ಲ ಹುಟ್ಟಿರುವುದು ಇದೊಂದಕ್ಕಾಗಿ. ಕೆಳಗೆ ಹೇಳುವುದನ್ನೆಲ್ಲ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓದಿ.

ಎಲ್ಲಿಗೆ ಹೋಗಬೇಕು, ಯಾವ ಗುಂಪಿಗೆ ಸೇರಬೇಕು

ನಮಗೆ ಹತ್ತಿರದ ದೊಡ್ಡ ಟ್ರ್ಯಾಕ್ ಚೆನ್ನೈ ಹತ್ತಿರ, ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟೈನಲ್ಲಿದೆ. ಹಿಂದೆ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್ ಎನ್ನುತ್ತಿದ್ದರು, ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಒಂದು ಸುತ್ತು ಸುಮಾರು 3.7 ಕಿ.ಮೀ. ಕೋಲಾರದವರು ಮುಳಬಾಗಿಲು, ಚಿತ್ತೂರು, ರಾಣಿಪೇಟೆ ದಾಟಿ ಹೋಗಬಹುದು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇನ್ನೂ ಚಿಕ್ಕದು, ಸುಮಾರು 2.1 ಕಿ.ಮೀ. ವೇಗ ಕಡಿಮೆ, ತಿರುವುಗಳು ಹತ್ತಿರ ಹತ್ತಿರ. ಮಣ್ಣಿನಲ್ಲಿ ಕಲಿಯುವ ಆಸೆ ಇದ್ದರೆ ಕೋಲಾರದ ಬಳಿಯೇ ಸಿ.ಎಸ್. ಸಂತೋಷ್ ಶುರು ಮಾಡಿದ ಬಿಗ್‌ರಾಕ್ ಡರ್ಟ್‌ಪಾರ್ಕ್ ಇದೆ. 2015ರಲ್ಲಿ, ಮರಳುಗಾಡಿನಲ್ಲಿ ದಿನಗಟ್ಟಲೆ ನಡೆಯುವ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಅವರು. ಟಾರ್ ಟ್ರ್ಯಾಕ್‌ಗೆ ಇಳಿಯುವ ಮೊದಲು ಮಣ್ಣಿನಲ್ಲಿ ಸ್ವಲ್ಪ ಕಲಿತರೆ ಟೈರ್ ಜಾರಿದಾಗ ಗಾಬರಿ ಕಡಿಮೆಯಾಗುತ್ತದೆ. ಅಲ್ಲಿನ ವೇಗವೂ ಕಡಿಮೆ.

ಮೊದಲ ಸಲವೇ ಬರೀ ಓಡಿಸಿ ಬರುವ ಟ್ರ್ಯಾಕ್ ಡೇಗೆ ಹೋಗಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕೋಚ್ ಇರುವ ದಿನಕ್ಕೆ ಹೋಗಿ. ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್‌ನಂಥ ತರಬೇತಿಗಳು ಚೆನ್ನೈ ಟ್ರ್ಯಾಕ್‌ನಲ್ಲಿ ನಡೆಯುತ್ತಾ ಬಂದಿವೆ. ಬೈಕ್ ಕಂಪನಿಗಳೂ ಆಗಾಗ ತಮ್ಮ ಗ್ರಾಹಕರಿಗೆ ಇಂಥ ದಿನಗಳನ್ನು ಇಟ್ಟುಕೊಳ್ಳುತ್ತವೆ. ದುಡ್ಡು ಸ್ವಲ್ಪ ಜಾಸ್ತಿ ಆಗಬಹುದು, ಆಗಲಿ.

ಫಾರಂ ತುಂಬುವಾಗ ಹೊಸಬರು, ಮಧ್ಯಮ, ಅನುಭವಿ ಎಂದು ಗುಂಪು ಕೇಳುತ್ತಾರೆ. ಜೊತೆಗೆ ಬಂದ ಗೆಳೆಯ ಮೇಲಿನ ಗುಂಪಿನಲ್ಲಿದ್ದಾನೆ ಎಂದು ನೀವೂ ಅದನ್ನೇ ಬರೆಯಬೇಡಿ. ಮೇಲಿನ ಗುಂಪಿನಲ್ಲಿ ಹೊಸಬ ಇದ್ದರೆ ಅವನಿಗೊಬ್ಬನಿಗೇ ಅಪಾಯವಲ್ಲ, ಅವನ ಹಿಂದೆ ಬರುವ ಎಲ್ಲರಿಗೂ ಅಪಾಯ. ಹಾಗೆಯೇ ಸಾವಿರ ಸಿಸಿ ಬೈಕ್ ಇದೆ ಎಂದ ಮಾತ್ರಕ್ಕೆ ಯಾರೂ ಅನುಭವಿ ಆಗುವುದಿಲ್ಲ. 200 ಸಿಸಿ ಬೈಕಿನಲ್ಲಿ ಕಲಿಯುವುದು ಎಷ್ಟೋ ಮೇಲು.

ದುಡ್ಡು ಕಟ್ಟುವ ಮೊದಲು ಸಂಘಟಕರಿಗೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ಆಂಬುಲೆನ್ಸ್ ಮತ್ತು ಡಾಕ್ಟರ್ ದಿನವಿಡೀ ಟ್ರ್ಯಾಕ್‌ನಲ್ಲೇ ಇರುತ್ತಾರಾ? ಆಂಬುಲೆನ್ಸ್ ಆಸ್ಪತ್ರೆಗೆ ಹೋದರೆ ಅದು ಬರುವವರೆಗೆ ಸೆಷನ್ (ಒಂದು ಗುಂಪು ಟ್ರ್ಯಾಕ್‌ನಲ್ಲಿ ಓಡಿಸುವ ಸರದಿ) ನಿಲ್ಲಿಸುತ್ತಾರಾ? ಎಲ್ಲ ತಿರುವುಗಳಲ್ಲೂ ಮಾರ್ಷಲ್ (ಬಾವುಟ ತೋರಿಸುವ, ಬಿದ್ದವರಿಗೆ ನೆರವಾಗುವ ಸಿಬ್ಬಂದಿ) ಇರುತ್ತಾರಾ? ಬೈಕು, ಕಾರು ಬೇರೆ ಬೇರೆ ಸೆಷನ್‌ನಲ್ಲಿ ಬಿಡುತ್ತಾರಾ? ಒಂದಕ್ಕೆ ಸರಿಯಾದ ಉತ್ತರ ಬರದಿದ್ದರೂ ಹೋಗಬೇಡಿ. ಎಲ್ಲ ವ್ಯವಸ್ಥೆ ಇರುವ ಕಡೆಯೂ ಅಪಾಯ ಪೂರ್ತಿ ಹೋಗುವುದಿಲ್ಲ. 2023ರಲ್ಲಿ ಚೆನ್ನೈ ಟ್ರ್ಯಾಕ್‌ನಲ್ಲಿ ನಡೆದ ರೇಸ್‌ಗಳಲ್ಲಿ ಇಬ್ಬರು ತೀರಿಕೊಂಡರು. ಜನವರಿಯಲ್ಲಿ ವರ್ಷಗಟ್ಟಲೆ ಅನುಭವ ಇದ್ದ ಹಿರಿಯ ಕಾರ್ ರೇಸರ್, ಆಗಸ್ಟ್‌ನಲ್ಲಿ ಬೆಂಗಳೂರಿನ 13 ವರ್ಷದ ಹುಡುಗ. ಅವು ರಾಷ್ಟ್ರಮಟ್ಟದ ರೇಸ್‌ಗಳು, ಟ್ರ್ಯಾಕ್ ಡೇ ಅಲ್ಲ. ಆದರೂ ನೀವು ಇಳಿಯುವುದು ಅದೇ ಟಾರ್ ಮೇಲೆ.

ವಿಮೆ

ನಿಮ್ಮ ಗಾಡಿಯ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಭಾಗ ಇರುತ್ತದೆ. ತೆಗೆದು ಓದಿ. ಸಂಘಟಿತ ರೇಸ್, ವೇಗದ ಪರೀಕ್ಷೆ ಇಂಥವಕ್ಕೆ ಪರಿಹಾರ ಇಲ್ಲ ಎಂದು ನಮ್ಮ ದೇಶದ ಸಾಮಾನ್ಯ ಮೋಟಾರು ಪಾಲಿಸಿಗಳಲ್ಲಿ ಬರೆದಿರುತ್ತದೆ. ಟ್ರ್ಯಾಕ್‌ನಲ್ಲಿ ಗಾಡಿ ಹಾಳಾದರೆ ರಿಪೇರಿ ಖರ್ಚು ನಿಮ್ಮದೇ ಎಂದು ಲೆಕ್ಕ ಹಾಕಿಕೊಂಡೇ ಹೋಗಿ. ಇನ್ನೂ ಸಾಲದ ಕಂತು ಕಟ್ಟುತ್ತಿರುವ ಗಾಡಿಯಾದರೆ ಇನ್ನೊಮ್ಮೆ ಯೋಚಿಸಿ. ವೈಯಕ್ತಿಕ ಅಪಘಾತ ವಿಮೆ ಮತ್ತು ಆರೋಗ್ಯ ವಿಮೆಯಲ್ಲೂ ರೇಸ್, ಸಾಹಸ ಕ್ರೀಡೆ ಬಗ್ಗೆ ಏನಿದೆ ನೋಡಿ. ಏನಾದರೂ ಆದರೆ ಹೊಣೆ ನನ್ನದೇ ಎಂದು ಟ್ರ್ಯಾಕ್‌ನಲ್ಲಿ ನೀವು ಸಹಿ ಹಾಕುವ ಪತ್ರವನ್ನೂ ಪೂರ್ತಿ ಓದಿ. ಮನೆಯವರಿಗೆ ಹೇಳದೆ ಹೋಗಬೇಡಿ. ತುರ್ತು ಸಂಪರ್ಕದ ಜಾಗದಲ್ಲಿ ಅವರ ನಂಬರೇ ಬರೆಯಬೇಕಲ್ವಾ?

ಗಾಡಿ ತಯಾರಿ

ಹೊರಡುವ ಒಂದು ವಾರ ಮೊದಲೇ ಗಾಡಿಯನ್ನು ಮೆಕ್ಯಾನಿಕ್ ಹತ್ತಿರ ಬಿಡಿ. ಹಿಂದಿನ ರಾತ್ರಿ ಬಿಟ್ಟರೆ ಯಾವುದಾದರೂ ಒಂದು ನಟ್ಟು ಸಡಿಲ ಉಳಿಯುತ್ತದೆ.

ಎಲ್ಲಕ್ಕಿಂತ ಮೊದಲು ಬ್ರೇಕ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯಬಹುದು. ಊರಿನ ಓಡಾಟದಲ್ಲಿ ಇದು ಗೊತ್ತೇ ಆಗುವುದಿಲ್ಲ. ಟ್ರ್ಯಾಕ್‌ನಲ್ಲಿ ಪ್ರತಿ ಸುತ್ತಿಗೂ ಹಲವು ಸಲ ಜೋರಾಗಿ ಬ್ರೇಕ್ ಹಿಡಿಯುತ್ತೀರಿ. ಆಯಿಲ್ ಕುದಿದು ಗುಳ್ಳೆ ಬಂದರೆ ಲಿವರ್ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಹೊಸ ಆಯಿಲ್ ಹಾಕಿಸಿ, ಗಾಳಿ ತೆಗೆಸಿ. ಪ್ಯಾಡ್ ಅರ್ಧಕ್ಕಿಂತ ಸವೆದಿದ್ದರೆ ಬದಲಾಯಿಸಿ.

ಟೈರ್‌ನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2323 ಎಂದಿದ್ದರೆ 2023ನೇ ಇಸವಿಯ 23ನೇ ವಾರ ತಯಾರಾಗಿದ್ದು ಎಂದರ್ಥ. ಟೈರ್ ಮೇಲಿನ ಅಚ್ಚು ಸವೆಯದೆ ಚೆನ್ನಾಗಿದ್ದರೂ ಐದಾರು ವರ್ಷ ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ, ಅದನ್ನು ನಂಬಬೇಡಿ. ಪಂಚರ್ ಹಾಕಿಸಿದ ಟೈರ್ ಬೇಡವೇ ಬೇಡ. ಗಾಳಿ ಎಷ್ಟಿರಬೇಕು ಎಂದು ಟೈರ್ ಕಂಪನಿಯ ಮಾಹಿತಿ ನೋಡಿ, ಅಲ್ಲಿನ ಕೋಚ್ ಹತ್ತಿರವೂ ಕೇಳಿ.

ಬೈಕಿನ ರೇಡಿಯೇಟರ್‌ನಲ್ಲಿರುವ ಕೂಲೆಂಟ್ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕಲು ಹೇಳುತ್ತಾರೆ. ಕೆಲವರು ಇದನ್ನು ಸುಮ್ನೆ ಕಿರಿಕಿರಿ ಅಂದುಕೊಳ್ಳುತ್ತಾರೆ. ಕೂಲೆಂಟ್‌ನಲ್ಲಿ ಗ್ಲೈಕಾಲ್ ಇರುತ್ತದೆ. ಅದು ಚೆಲ್ಲಿದರೆ ಟಾರ್ ಜಾರುತ್ತದೆ, ಬೇಗ ಆರುವುದಿಲ್ಲ, ತೊಳೆಯುವುದೂ ಕಷ್ಟ. ನೀವು ಬಿದ್ದ ಜಾಗದಲ್ಲೇ ಹಿಂದೆ ಬಂದವರೂ ಬೀಳುತ್ತಾರೆ. ಆಯಿಲ್ ಡ್ರೇನ್ ಬೋಲ್ಟ್ ಬಿಗಿ ಇದೆಯೇ ಎಂದು ನೋಡುವುದೂ ಇದೇ ಕಾರಣಕ್ಕೆ. ಕನ್ನಡಿ ಬಿಚ್ಚಿಡಿ. ಹೆಡ್‌ಲೈಟ್, ಇಂಡಿಕೇಟರ್ ಬಿಚ್ಚಿ, ಇಲ್ಲವೇ ಮೇಲೆ ಟೇಪ್ ಸುತ್ತಿ, ಒಡೆದರೂ ಗಾಜು ಚೆಲ್ಲಬಾರದು. ಸೈಡ್ ಸ್ಟ್ಯಾಂಡ್ ಬಿಚ್ಚಿ ಅಥವಾ ಗಟ್ಟಿಯಾಗಿ ಕಟ್ಟಿ. ಚೈನ್ ತೀರಾ ಬಿಗಿ ಇರಬಾರದು, ಸಡಿಲವೂ ಇರಬಾರದು.

ಕಾರಿನವರು ಒಳಗಿರುವುದನ್ನೆಲ್ಲ ಹೊರಗೆ ತೆಗೆಯಿರಿ. ನೀರಿನ ಬಾಟಲಿ, ಜಾಕಿ, ಸ್ಟೆಪ್ನಿ, ಡ್ಯಾಶ್‌ಬೋರ್ಡ್ ಮೇಲಿನ ಗಣೇಶ ಕೂಡ. ಡ್ರೈವರ್ ಕಡೆಯ ಮ್ಯಾಟ್ ಖಂಡಿತ ತೆಗೆಯಬೇಕು. ಉರುಳಿದ ಬಾಟಲಿ ಬ್ರೇಕ್ ಪೆಡಲ್ ಕೆಳಗೆ ಸೇರಿಕೊಂಡರೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಕೆಟ್ಟು ನಿಂತರೆ ಗಾಡಿ ಎಳೆಯಲು ಬೇಕಾಗುವ ಟೋ ಹುಕ್ ಮೊದಲೇ ಹಾಕಿಡಿ. ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚ್‌ನಲ್ಲಿ (ಅಳತೆಗೆ ತಕ್ಕಷ್ಟೇ ಬಿಗಿ ಮಾಡುವ ಪಾನಾ) ಬಿಗಿ ಮಾಡಿಸಿ, ಮೊದಲ ಸೆಷನ್ ಆದ ಮೇಲೆ ಗಾಡಿ ತಣ್ಣಗಾದಾಗ ಇನ್ನೊಮ್ಮೆ ನೋಡಿ. ಬ್ಯಾಟರಿ ಅಲುಗಾಡಬಾರದು.

ಬೈಕನ್ನು ಓಡಿಸಿಕೊಂಡು ಹೋಗುವುದಕ್ಕಿಂತ ಮೂರ್ನಾಲ್ಕು ಜನ ಸೇರಿ ಗೂಡ್ಸ್ ಗಾಡಿಯಲ್ಲಿ ಹಾಕಿಸಿಕೊಂಡು ಹೋಗುವುದು ಒಳ್ಳೆಯದು. ಬೈಕಿಗೆ ಪೆಟ್ಟಾದರೂ ಮನೆಗೆ ಮರಳುವ ದಾರಿ ಇರುತ್ತದೆ.

ಮೈಮೇಲೆ ಏನಿರಬೇಕು

ಫುಲ್ ಫೇಸ್ ಹೆಲ್ಮೆಟ್, ಡಬಲ್ ಡಿ ರಿಂಗ್ ಪಟ್ಟಿ (ಎರಡು ಲೋಹದ ಬಳೆಗಳ ಮೂಲಕ ತೂರಿಸಿ ಬಿಗಿಯುವ ಪಟ್ಟಿ) ಇರುವಂಥದ್ದು. ಐಎಸ್‌ಐ ಗುರುತು ನಮ್ಮ ರಸ್ತೆಗೆ ಕಡ್ಡಾಯ. ಟ್ರ್ಯಾಕ್‌ನಲ್ಲಿ ಇಸಿಇ ಅಥವಾ ಸ್ನೆಲ್ ಎಂಬ ಹೊರದೇಶದ ಸುರಕ್ಷತೆ ಗುರುತನ್ನೂ ಕೇಳಬಹುದು. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮಾಕೋಲ್ ಪದರ ಅಮುಕಿ ಹೋಗಿರುತ್ತದೆ. ಅದು ಮತ್ತೆ ಕಾಪಾಡುವುದಿಲ್ಲ. ಚರ್ಮದ ಒಂದೇ ತುಂಡಿನ ಸೂಟ್, ಅಥವಾ ಸೊಂಟದ ಸುತ್ತ ಜಿಪ್‌ನಿಂದ ಸೇರುವ ಎರಡು ತುಂಡಿನದು. ಮಣಿಕಟ್ಟು ಮುಚ್ಚುವ ಗ್ಲೌಸ್, ಕಣಕಾಲಿನ ಮೇಲೆ ಬರುವ ಬೂಟು, ಬೆನ್ನಿನ ಪ್ರೊಟೆಕ್ಟರ್. ಜೀನ್ಸ್ ಟಾರ್ ಮೇಲೆ ಜಾರುತ್ತಲೇ ಹರಿದು ಹೋಗುತ್ತದೆ. ಸೂಟ್ ದುಬಾರಿ, ಬಾಡಿಗೆಗೆ ಸಿಗುತ್ತದೆಯೇ ಎಂದು ಸಂಘಟಕರನ್ನು ಕೇಳಿ. ಸೈಲೆನ್ಸರ್ ಬದಲಾಯಿಸಲು ದುಡ್ಡು ಎತ್ತಿಟ್ಟಿದ್ದರೆ ಮೊದಲು ಅದರಲ್ಲಿ ಗ್ಲೌಸ್, ಬೂಟು ತೆಗೆದುಕೊಳ್ಳಿ. ಕಾರಿನವರಿಗೂ ಹೆಲ್ಮೆಟ್ ಬೇಕು. ಉದ್ದ ತೋಳಿನ ಹತ್ತಿ ಬಟ್ಟೆ, ತೆಳು ತಳದ ಮುಚ್ಚಿದ ಶೂ ಸಾಕು.

ಬ್ರೀಫಿಂಗ್ ಮತ್ತು ಬಾವುಟ

ಬೆಳಗಿನ ಬ್ರೀಫಿಂಗ್, ಅಂದರೆ ನಿಯಮ ತಿಳಿಸುವ ಸಭೆ, ತಪ್ಪಿಸಿಕೊಂಡವರನ್ನು ಒಳ್ಳೆಯ ಸಂಘಟಕರು ಟ್ರ್ಯಾಕ್‌ಗೆ ಬಿಡುವುದಿಲ್ಲ. ಹಿಂದಿನ ಸಂಜೆಯೇ ಶ್ರೀಪೆರಂಬದೂರು ಸೇರಿ, ಚೆನ್ನಾಗಿ ಮಲಗಿ, ಬೇಗ ಏಳಿ. ಇಂಗ್ಲಿಷ್, ತಮಿಳಿನಲ್ಲಿ ಹೇಳಿದ್ದು ಅರ್ಥವಾಗದಿದ್ದರೆ ಸಂಕೋಚ ಬಿಟ್ಟು ಕೈ ಎತ್ತಿ ಕೇಳಿ.

ಹಳದಿ ಬಾವುಟ ಬೀಸಿದರೆ ಮುಂದೆ ಅಪಾಯವಿದೆ, ವೇಗ ಇಳಿಸಿ, ಯಾರನ್ನೂ ದಾಟಬೇಡಿ. ಎರಡು ಹಳದಿ ಬಾವುಟ ಬೀಸಿದರೆ ದಾರಿಯೇ ಮುಚ್ಚಿರಬಹುದು, ನಿಲ್ಲಿಸಲು ಸಿದ್ಧರಾಗಿ. ಕೆಂಪು ಬಂದರೆ ಸೆಷನ್ ನಿಂತಿದೆ. ಆಗ ಗಕ್ಕನೆ ಬ್ರೇಕ್ ಹಾಕಬೇಡಿ, ಹಿಂದಿನವರು ಬಾವುಟ ಇನ್ನೂ ನೋಡಿರುವುದಿಲ್ಲ. ಕೈ ಎತ್ತಿ, ನಿಧಾನವಾಗಿ ವೇಗ ಇಳಿಸಿ, ಪಿಟ್‌ಗೆ (ಟ್ರ್ಯಾಕ್ ಪಕ್ಕದಲ್ಲಿ ಗಾಡಿ ನಿಲ್ಲಿಸುವ ಜಾಗ) ಬನ್ನಿ. ಹಳದಿ ಕೆಂಪು ಪಟ್ಟೆ ಇದ್ದರೆ ಟಾರ್ ಜಾರುತ್ತಿದೆ, ಆಯಿಲ್ ಅಥವಾ ನೀರು ಬಿದ್ದಿದೆ. ನೀಲಿ ಎಂದರೆ ಹಿಂದೆ ವೇಗದ ಗಾಡಿ ಇದೆ. ಕಪ್ಪು ನಿಮಗೇ ತೋರಿಸಿದರೆ ಪಿಟ್‌ಗೆ ಬಂದು ಮಾತಾಡಬೇಕು. ಕಪ್ಪಿನ ನಡುವೆ ಕಿತ್ತಳೆ ಚುಕ್ಕೆ ಇದ್ದರೆ ನಿಮ್ಮ ಗಾಡಿಯಲ್ಲೇ ಏನೋ ಕೆಟ್ಟಿದೆ, ಬಹುಶಃ ಆಯಿಲ್ ಸೋರುತ್ತಿದೆ. ಆಗ ಎಲ್ಲರೂ ಓಡುವ ದಾರಿ ಬಿಟ್ಟು ಅಂಚಿಗೆ ಸರಿಯಿರಿ. ಚೌಕಳಿ ಬಾವುಟ ಬಿದ್ದರೆ ಸೆಷನ್ ಮುಗಿಯಿತು. ಅದಾದ ಮೇಲೆ ಇನ್ನೊಂದು ಸುತ್ತು ನಿಧಾನವಾಗಿ ಹೋಗಿ ಬ್ರೇಕ್, ಎಂಜಿನ್ ತಣಿಯಲು ಬಿಡಿ. ಆಮೇಲೆ ಕಾರಿನವರು ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಪ್ಯಾಡ್ ಡಿಸ್ಕ್‌ಗೆ ಅಂಟಬಹುದು. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಡಿ.

ಮೊದಲ ಎರಡು ಸುತ್ತು ಮಾರ್ಷಲ್‌ಗಳು ಎಲ್ಲೆಲ್ಲಿ ನಿಂತಿದ್ದಾರೆ ಎಂದು ನೋಡುವುದೇ ನಿಮ್ಮ ಕೆಲಸ. ಟೈರ್ ಕಾಯಲೂ ಅಷ್ಟು ಹೊತ್ತು ಬೇಕು. ತಣ್ಣನೆಯ ಟೈರ್‌ನಲ್ಲಿ ಜೋರು ಮಾಡಿ ಮೊದಲ ಸುತ್ತಿನಲ್ಲೇ ಬೀಳುವವರು ಪ್ರತಿ ಸಲ ಒಬ್ಬರಾದರೂ ಇರುತ್ತಾರೆ.

ಟ್ರ್ಯಾಕ್ ಮೇಲಿನ ನಡವಳಿಕೆ

ನಮ್ಮ ರಸ್ತೆಗಳಲ್ಲಿ ನಮ್ಮನ್ನು ಕಾಪಾಡುವ ಅಭ್ಯಾಸಗಳೇ ಟ್ರ್ಯಾಕ್‌ನಲ್ಲಿ ಅಪಾಯ ತರುತ್ತವೆ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಹಾಗಾಗಿ ನಾನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಹೆದ್ದಾರಿಯಲ್ಲಿ ಹಿಂದಿನಿಂದ ಶಬ್ದ ಕೇಳಿದರೆ ನಾವು ಎಡಕ್ಕೆ ಸರಿಯುತ್ತೇವೆ. ಅದು ಮರ್ಯಾದೆ. ಟ್ರ್ಯಾಕ್‌ನಲ್ಲಿ ಹೀಗೆ ಏಕಾಏಕಿ ಸರಿದರೆ ಹಿಂದಿನವರ ಲೆಕ್ಕ ತಪ್ಪುತ್ತದೆ. ಅವರು ನಿಮ್ಮನ್ನು ಎಡದಿಂದಲೇ ದಾಟಲು ಹೊರಟಿರಬಹುದು. ಹಿಂದೆ ಯಾರೇ ಬರಲಿ, ನಿಮ್ಮ ಲೈನ್, ಅಂದರೆ ನೀವು ಹಿಡಿದು ಹೊರಟ ದಾರಿ, ಬಿಡಬೇಡಿ. ದಾಟುವ ಜವಾಬ್ದಾರಿ ಪೂರ್ತಿ ಹಿಂದಿನವರದು. ನೀವು ಸುತ್ತಿನಿಂದ ಸುತ್ತಿಗೆ ಅದೇ ಜಾಗದಲ್ಲಿ ಬ್ರೇಕ್ ಹಿಡಿದು, ಅದೇ ದಾರಿಯಲ್ಲಿ ತಿರುಗಿದರೆ ಸಾಕು. ನಿಧಾನ ಇದ್ದರೂ ಪರವಾಗಿಲ್ಲ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಗುಂಪಿನಲ್ಲಿ ನಂದಿಗೆ ಹೋಗುವಾಗ ಗೆಳೆಯ ಬರುತ್ತಿದ್ದಾನಾ ಎಂದು ತಿರುಗಿ ನೋಡುತ್ತೇವೆ. ಇಲ್ಲಿ ಅದನ್ನು ಮಾಡಬೇಡಿ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಒಂದು ಸೆಕೆಂಡ್ ಹಿಂದೆ ನೋಡಿದರೆ 28 ಮೀಟರ್ ಕಣ್ಣು ಮುಚ್ಚಿಕೊಂಡು ಹೋದ ಹಾಗೆ. ತಲೆ ತಿರುಗಿದ ಕಡೆ ಬೈಕೂ ವಾಲುತ್ತದೆ. ಗೆಳೆಯನಿಗಾಗಿ ಪಕ್ಕದಲ್ಲಿ ನಿಲ್ಲಿಸಿ ಕಾಯುವುದಂತೂ ಯಾವ ಕಾರಣಕ್ಕೂ ಇಲ್ಲ. ಜೊತೆಜೊತೆಯಾಗಿ ಓಡಿಸುವುದು, ಸನ್ನೆ ಮಾಡಿ ಮಾತಾಡುವುದು, ವಿಡಿಯೋಗಾಗಿ ಒಂದು ಕೈ ಬಿಡುವುದು, ಇವೆಲ್ಲ ಊರಿನಲ್ಲೂ ಬೇಡ, ಇಲ್ಲಂತೂ ಬೇಡವೇ ಬೇಡ. ಹೆಲ್ಮೆಟ್ ಮೇಲೆ ಕ್ಯಾಮೆರಾ ಹಾಕಲು ಎಷ್ಟೋ ಸಂಘಟಕರು ಬಿಡುವುದಿಲ್ಲ. ಗಾಡಿಗೆ ಹಾಕುವುದಾದರೂ ಕೇಳಿಕೊಂಡು, ಹಗ್ಗದ ಆಸರೆ ಕೊಟ್ಟು ಹಾಕಿ.

ದಾಟುವವರು ನೀವಾದರೆ ತಾಳ್ಮೆ ಬೇಕು. ಹೊಸಬರ ಗುಂಪಿನಲ್ಲಿ ತಿರುವಿನ ಒಳಗೆ ದಾಟಬೇಡಿ, ನೇರ ದಾರಿ ಬರುವವರೆಗೆ ಕಾಯಿರಿ. ದಾಟುವಾಗ ಪಕ್ಕದಲ್ಲಿ ಅವರಿಗೂ ನಿಮಗೂ ಕನಿಷ್ಠ ಎರಡು ಮೀಟರ್ ಅಂತರ ಇರಲಿ. ಒಳಗಿನಿಂದ ತೂರಿಕೊಂಡು ಹೋಗಿ ಹೊಸಬನನ್ನು ಬೆಚ್ಚಿಬೀಳಿಸಿದರೆ ನಿಮಗೆ ಸಿಗುವುದು ಒಂದು ಸೆಕೆಂಡ್. ಅವನು ಗಾಬರಿಯಲ್ಲಿ ಬ್ರೇಕ್ ಹಿಡಿದು ಬಿದ್ದರೆ ನಷ್ಟ ಎಷ್ಟು? ಇಲ್ಲಿ ಬಹುಮಾನ ಇಲ್ಲ, ಪಾಯಿಂಟ್ ಇಲ್ಲ. ನಿಧಾನದ ಸಾಲಿನಲ್ಲಿ ಸಿಕ್ಕಿಕೊಂಡರೆ ಪಿಟ್ ಲೇನ್‌ಗೆ ಬಂದು ಅರ್ಧ ನಿಮಿಷ ಬಿಟ್ಟು ಮತ್ತೆ ಹೋಗಿ, ಮುಂದೆ ಜಾಗ ಖಾಲಿ ಸಿಗುತ್ತದೆ. ಗೆಳೆಯರ ನಡುವಿನ ಪೈಪೋಟಿಯನ್ನು ನಾನು ಎಲ್ಲಕ್ಕಿಂತ ದೊಡ್ಡ ಅಪಾಯ ಎಂದೇ ಹೇಳುತ್ತೇನೆ. ಚಿಂತಾಮಣಿಯಿಂದ ನಾಲ್ಕು ಜನ ಒಟ್ಟಿಗೆ ಬಂದಿದ್ದರೆ ನಾಲ್ವರೂ ಒಬ್ಬರ ಹಿಂದೊಬ್ಬರು ಟ್ರ್ಯಾಕ್‌ಗೆ ಇಳಿಯಬೇಡಿ.

ಕಾರುಗಳಲ್ಲಿ ಸನ್ನೆ ಕೊಟ್ಟ ಮೇಲೆಯೇ ದಾಟುವ ನಿಯಮ ಇರುತ್ತದೆ. ನಿಮ್ಮ ಬಲಗಡೆಯಿಂದ ದಾಟಲಿ ಎಂದರೆ ಕಿಟಕಿಯಿಂದ ಕೈ ಹೊರಗೆ ಚಾಚಿ ಬಲಕ್ಕೆ ತೋರಿಸಿ. ಎಡಕ್ಕಾದರೆ ಕೈಯನ್ನು ಛಾವಣಿಯ ಮೇಲಿಂದ ಎಡಕ್ಕೆ ತೋರಿಸಿ. ಆಮೇಲೆ ಆಕ್ಸಿಲರೇಟರ್ ಸ್ವಲ್ಪ ಬಿಡಿ. ಸನ್ನೆ ಕೊಟ್ಟು ಪೂರ್ತಿ ಜೋರಾಗಿ ಓಡಿಸಿದರೆ ಹಿಂದಿನವರು ದಾಟಲಾಗದೆ ಮುಂದಿನ ತಿರುವಿನಲ್ಲಿ ಇಬ್ಬರೂ ಒಟ್ಟಿಗೆ ಬಂದು ಸೇರುತ್ತೀರಿ.

ಪಿಟ್‌ಗೆ ಬರುವಾಗ ಒಂದು ತಿರುವು ಮೊದಲೇ ಕೈ ಎತ್ತಿ, ಇಲ್ಲವೇ ಕಾಲು ಚಾಚಿ, ಪಿಟ್ ಇರುವ ಬದಿಗೇ ಇರಿ. ಹೊರಗೆ ಹೋಗುವಾಗ ಪಿಟ್‌ನ ಬಿಳಿ ಗೆರೆ ಮುಗಿಯುವವರೆಗೆ ಅದನ್ನು ದಾಟಬೇಡಿ. ನೀವು ಗಂಟೆಗೆ 50 ಕಿ.ಮೀ.ನಲ್ಲಿ ಇರುತ್ತೀರಿ, ನೇರದಲ್ಲಿ ಬರುವವರು 150ರಲ್ಲಿ ಇರಬಹುದು.

ಟಾರ್ ಬಿಟ್ಟು ಮಣ್ಣಿಗೆ ಹೋದರೆ ಹ್ಯಾಂಡಲ್ ಅಥವಾ ಸ್ಟೇರಿಂಗ್ ಎಳೆದು ತಕ್ಷಣ ಮರಳಲು ನೋಡಬೇಡಿ. ನೇರವಾಗಿ ಹೋಗಿ, ವೇಗ ಇಳಿಸಿ, ಮಾರ್ಷಲ್ ಕಡೆ ನೋಡಿ, ದಾರಿ ಖಾಲಿ ಇದ್ದಾಗ ಅಂಚಿನಿಂದ ಸೇರಿಕೊಳ್ಳಿ. ಆ ಸುತ್ತಿನಲ್ಲೇ ಪಿಟ್‌ಗೆ ಬಂದು ಟೈರ್‌ಗೆ ಅಂಟಿದ ಕಲ್ಲು, ಮಣ್ಣು ತೆಗೆಯಿರಿ.

ಬಿದ್ದರೆ, ಬೇರೆಯವರು ಬಿದ್ದರೆ

ಬೈಕ್ ಕೈತಪ್ಪಿತು ಎಂದು ಗೊತ್ತಾದ ಮೇಲೆ ಅದನ್ನು ಬಿಟ್ಟುಬಿಡಿ. ಮೈ ಸಡಿಲ ಬಿಡಿ. ಜಾರುವುದು ನಿಂತಿತು ಅನಿಸಿದ ಮೇಲೂ ಒಂದೆರಡು ಕ್ಷಣ ಬಿಟ್ಟು ಏಳಿ. ಇನ್ನೂ ಜಾರುತ್ತಿರುವಾಗಲೇ ಎದ್ದು ನಿಲ್ಲಲು ಹೋಗಿ ಕಾಲು ಮುರಿದುಕೊಂಡವರಿದ್ದಾರೆ. ಗಾಡಿ ಬರುವ ಕಡೆ ನೋಡಿ, ತಡೆಗೋಡೆಯ ಹಿಂದೆ ಹೋಗಿ. ಬೈಕ್ ಎತ್ತಲು ಹೋಗಬೇಡಿ, ಅದು ಮಾರ್ಷಲ್ ಕೆಲಸ. ನಡೆಯಲು ಆಗದಿದ್ದರೆ ಅಲ್ಲಾಡದೆ ಮಲಗಿ, ಅವರೇ ಬರುತ್ತಾರೆ.

ಬಿದ್ದದ್ದು ನಿಮ್ಮ ಗೆಳೆಯನೇ ಆದರೂ ಗಾಡಿ ನಿಲ್ಲಿಸಬೇಡಿ. ಇದು ಮನಸ್ಸಿಗೆ ಕಷ್ಟ, ಗೊತ್ತು. ನಮ್ಮ ಊರಿನಲ್ಲಿ ಯಾರಾದರೂ ಬಿದ್ದರೆ ಓಡಿಹೋಗಿ ಎತ್ತಿ ಹೆಲ್ಮೆಟ್ ತೆಗೆದು ನೀರು ಕುಡಿಸುವುದು ಅಭ್ಯಾಸ. ಟ್ರ್ಯಾಕ್‌ನಲ್ಲಿ ಹಾಗೆ ನಿಂತರೆ ಇನ್ನೊಂದು ಗಾಡಿ ನಿಮ್ಮಿಬ್ಬರಿಗೂ ಗುದ್ದುತ್ತದೆ. ಕುತ್ತಿಗೆಗೆ ಪೆಟ್ಟಾಗಿದ್ದರೆ ಹೆಲ್ಮೆಟ್ ಎಳೆದ ಆ ಒಂದು ಕ್ಷಣ ಜೀವನಪೂರ್ತಿ ಕಾಡಬಹುದು. ಅದನ್ನು ತೆಗೆಯುವುದು ಕಲಿತ ಸಿಬ್ಬಂದಿಗೆ ಬಿಟ್ಟ ಕೆಲಸ.

ತಲೆಗೆ ಪೆಟ್ಟು ಬಿದ್ದಿದ್ದರೆ ಚೆನ್ನಾಗಿದ್ದೇನೆ ಅನಿಸಿದರೂ ಡಾಕ್ಟರ್‌ಗೆ ತೋರಿಸಿ, ಆ ದಿನ ಮತ್ತೆ ಗಾಡಿ ಹತ್ತಬೇಡಿ. ವಾಕರಿಕೆ, ತಲೆಸುತ್ತು, ಕೇಳಿದ್ದನ್ನೇ ಮತ್ತೆ ಕೇಳುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಪ್ಯಾಡಾಕ್‌ನಲ್ಲಿ

ಪ್ಯಾಡಾಕ್ ಎಂದರೆ ಪಿಟ್ ಹಿಂದೆ ಗಾಡಿ, ಸಾಮಾನು ಇಟ್ಟುಕೊಂಡು ತಯಾರಾಗುವ ಜಾಗ. ಅಲ್ಲಿ ಪೆಟ್ರೋಲ್ ಹತ್ತಿರ ಸಿಗರೇಟ್ ಬೇಡ. ಎಂಜಿನ್ ಬಂದ್ ಮಾಡಿ ಪೆಟ್ರೋಲ್ ಹಾಕಿ. ಮಕ್ಕಳನ್ನು ಕರೆತಂದಿದ್ದರೆ ಕೈ ಹಿಡಿದುಕೊಂಡೇ ಇರಿ. ಶೌಚಾಲಯಕ್ಕೆ ಹೋಗಲು ಬೈಕ್ ಹತ್ತಿದರೂ ಹೆಲ್ಮೆಟ್ ಇರಲಿ, ವೇಗ ನಡಿಗೆಯಷ್ಟೇ ಇರಲಿ. ಮಾರ್ಷಲ್‌ಗಳು ದಿನವಿಡೀ ಬಿಸಿಲಲ್ಲಿ ನಿಂತಿರುತ್ತಾರೆ. ಕೊನೆಯ ಸುತ್ತಿನಲ್ಲಿ ಅವರಿಗೆ ಕೈ ಎತ್ತಿ ವಂದನೆ ಹೇಳುವ ಪದ್ಧತಿ ಇದೆ, ಅದನ್ನು ತಪ್ಪಿಸಬೇಡಿ.

ಬಿಸಿಲು, ಊಟ, ದಣಿವು

ಚೆನ್ನೈ ಬಿಸಿಲು ನಮ್ಮ ಕಡೆಯದಲ್ಲ. ಚರ್ಮದ ಸೂಟ್ ಒಳಗೆ ಬೆವರು ಸುರಿಯುತ್ತದೆ. ಬಾಯಾರುವವರೆಗೆ ಕಾಯದೆ ಪ್ರತಿ ಸೆಷನ್ ನಡುವೆ ಎಳನೀರು, ಮಜ್ಜಿಗೆ, ಓಆರ್‌ಎಸ್ ಏನಾದರೂ ಕುಡಿಯುತ್ತಿರಿ. ಮುದ್ದೆ, ಸಾರಿನ ಭರ್ಜರಿ ಊಟ ಸಂಜೆಗಿರಲಿ. ಮಧ್ಯಾಹ್ನ ಬಾಳೆಹಣ್ಣು, ಮೊಸರನ್ನದಷ್ಟು ಹಗುರ ಇದ್ದರೆ ಸಾಕು. ಹಿಂದಿನ ರಾತ್ರಿ ಕುಡಿದಿದ್ದರೆ ಆ ದಿನ ಟ್ರ್ಯಾಕ್ ಬೇಡ.

ಸಂಜೆಯ ಕೊನೆಯ ಸೆಷನ್ ಬಗ್ಗೆ ತುಂಬಾ ಎಚ್ಚರ. ಧೈರ್ಯ ಬಂದಿರುತ್ತದೆ, ಮೈ ದಣಿದಿರುತ್ತದೆ, ದುಡ್ಡು ವಸೂಲಿ ಆಗಲಿ ಅನಿಸುತ್ತದೆ. ಬ್ರೇಕ್ ಹಿಡಿಯುವ ಜಾಗ ಎರಡು ಸಲ ತಪ್ಪಿತು ಎಂದರೆ ನಿಮ್ಮ ದಿನ ಮುಗಿಯಿತು. ಒಳಗೆ ಬನ್ನಿ. ಒಂದು ಸೆಷನ್ ಬಿಟ್ಟವರನ್ನು ನಾನು ಅನುಭವಿ ಎಂದೇ ಲೆಕ್ಕ ಹಾಕುತ್ತೇನೆ.

ಮನೆಗೆ ಮರಳುವಾಗ

ದಿನವಿಡೀ ವೇಗದಲ್ಲಿ ಇದ್ದ ಕಣ್ಣಿಗೆ ಹೆದ್ದಾರಿಯ 80 ಕಿ.ಮೀ. ತೀರಾ ನಿಧಾನ ಅನಿಸುತ್ತದೆ. ಮುಂದಿನ ಲಾರಿ ಎಷ್ಟು ದೂರ ಇದೆ ಎಂಬ ಅಂದಾಜೂ ತಪ್ಪುತ್ತದೆ. ರಾತ್ರಿ ಚಿತ್ತೂರು, ಪಲಮನೇರು ದಾರಿಯಲ್ಲಿ ಸರಕಿನ ಲಾರಿಗಳ ಓಡಾಟವೂ ಜಾಸ್ತಿ. ಆಗುವುದಾದರೆ ಆ ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಹೊರಡಿ. ಹೊರಡಲೇಬೇಕಿದ್ದರೆ ಟ್ರ್ಯಾಕ್‌ಗೆ ಇಳಿಯದ ಒಬ್ಬರು ಸ್ಟೇರಿಂಗ್ ಹಿಡಿಯಲಿ.

ಊರಿಗೆ ಬಂದ ಮೇಲೆ ಕನ್ನಡಿ, ಇಂಡಿಕೇಟರ್, ಸೈಡ್ ಸ್ಟ್ಯಾಂಡ್, ನಂಬರ್ ಪ್ಲೇಟ್ ಎಲ್ಲ ಸರಿಯಾಗಿ ಹಾಕಿಯೇ ರಸ್ತೆಗೆ ಇಳಿಯಿರಿ. ಟೈರ್ ಗಾಳಿ ಮತ್ತೆ ರಸ್ತೆಯ ಅಳತೆಗೆ ಬರಲಿ. ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ನೋಡಿ. ರೇಡಿಯೇಟರ್‌ನ ನೀರು ತೆಗೆದು ಕೂಲೆಂಟ್ ಹಾಕಿಸಿ. ಬರೀ ನೀರಿನಲ್ಲಿ ತಿಂಗಳುಗಟ್ಟಲೆ ಓಡಿಸಿದರೆ ಒಳಗೆ ತುಕ್ಕು ಹಿಡಿಯುತ್ತದೆ.